ಆಜಾದ್ ಹಿಂದ್ ಸೈನಿಕರು: ನಾನು ಪಾಠದಲ್ಲಿ ಬಿಟ್ಟ ಭಾಗ

ಸುಮಾರು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸ್ವಾತಂತ್ರ್ಯ ಹೋರಾಟದ ಪಾಠ ಮಾಡಿದ್ದೇನೆ. ಆಜಾದ್ ಹಿಂದ್ ಫೌಜಿನ ಭಾಗವನ್ನು ಯಾವಾಗಲೂ ದೆಹಲಿಯ ಕೆಂಪು ಕೋಟೆಯ ವಿಚಾರಣೆಗೇ ಮುಗಿಸುತ್ತಿದ್ದೆ. ಶಹನವಾಜ್ ಖಾನ್, ಪ್ರೇಮ್ ಕುಮಾರ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಬಿಡುಗಡೆಯಾದರು ಎನ್ನುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಒಮ್ಮೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಆಮೇಲೆ ಅವರನ್ನೆಲ್ಲ ಮತ್ತೆ ಸೈನ್ಯಕ್ಕೆ ಸೇರಿಸಿಕೊಂಡರಾ?" ಎಂದು ಕೇಳಿದಳು. "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದುಬಿಟ್ಟೆ. ಉತ್ತರ ನನಗೆ ಗೊತ್ತಿತ್ತು. ಹೇಳಹೊರಟರೆ ಒಂದು ಪಕ್ಷವನ್ನು ದೂರಬೇಕಾದೀತು, ಸಂಜೆಯೊಳಗೆ ಅದು ಊರಿಗೆಲ್ಲ ತಿಳಿದೀತು ಎಂಬ ಅಳುಕು. ಆ ವಿದ್ಯಾರ್ಥಿನಿ ಇದನ್ನು ಓದುತ್ತಿದ್ದರೆ, ತಡವಾಗಿಯಾದರೂ ಉತ್ತರ ಇದು: ಸೇರಿಸಿಕೊಳ್ಳಲಿಲ್ಲ.

1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ವಶವಾದಾಗ ನಲವತ್ತು ಸಾವಿರದಷ್ಟು ಭಾರತೀಯ ಸೈನಿಕರು ಸೆರೆಯಾದರು. ಫೌಜು ಹುಟ್ಟಿದ್ದು ಇವರಲ್ಲಿನ ಬಹು ಮಂದಿಯಿಂದ. 1943ರಲ್ಲಿ ಸುಭಾಷರು ಬಂದ ಮೇಲೆ ಮಲಯ, ಬರ್ಮಾಗಳಲ್ಲಿದ್ದ ನಮ್ಮ ಕೂಲಿಕಾರರೂ ವ್ಯಾಪಾರಿಗಳೂ ಸೇರಿದರು. ಆಗ ಕಾಂಗ್ರೆಸ್ಸಿಗೆ ಈ ಮಾರ್ಗ ಒಪ್ಪಿಗೆಯಾಗಿರಲಿಲ್ಲ. ಸುಭಾಷರು ಜಪಾನೀಯರೊಡನೆ ಬಂದರೆ ತಾವು ಎದುರಿಸುವುದಾಗಿ ನೆಹರೂ 1942ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು.

ಮೂರೇ ವರ್ಷಗಳಲ್ಲಿ ಗಾಳಿ ತಿರುಗಿತು. 1945ರಲ್ಲಿ ಯುದ್ಧ ಮುಗಿದು ಚುನಾವಣೆ ಎದುರಿಗೆ ಬಂತು. ಜೈಲಿನಿಂದ ಹೊರಬಂದ ಕಾಂಗ್ರೆಸ್ ನಾಯಕರಿಗೆ ಜನ ಕೇಳಲು ಬಯಸುವುದು ಫೌಜಿನ ಕಥೆಯನ್ನೇ ಎಂಬುದು ಮನವರಿಕೆಯಾಯಿತು. ಪಕ್ಷ ರಕ್ಷಣಾ ಸಮಿತಿಯನ್ನು ರಚಿಸಿತು. ನವೆಂಬರ್ 5ರಂದು ವಿಚಾರಣೆ ಆರಂಭವಾದಾಗ ಭೂಲಾಭಾಯಿ ದೇಸಾಯಿ ವಾದಕ್ಕೆ ನಿಂತರು. ಎಷ್ಟೋ ವರ್ಷಗಳ ಹಿಂದೆ ವಕೀಲಿ ಬಿಟ್ಟಿದ್ದ ನೆಹರೂ ಮತ್ತೆ ಕಪ್ಪು ನಿಲುವಂಗಿ ತೊಟ್ಟರು. ಮುಸ್ಲಿಂ ಲೀಗೂ ಹಿಂದೆ ಬೀಳಲಿಲ್ಲ. ಕ್ಯಾಪ್ಟನ್ ಅಬ್ದುಲ್ ರಶೀದರಿಗೆ ಏಳು ವರ್ಷ ಸಜೆಯಾದಾಗ, 1946ರ ಫೆಬ್ರವರಿಯಲ್ಲಿ ಕಲ್ಕತ್ತ ಹೊತ್ತಿ ಉರಿಯಿತು. ಇದೆಲ್ಲವೂ ಬರಿಯ ನಾಟಕವೆಂದು ನಾನು ಹೇಳುವುದಿಲ್ಲ. ಜನರ ಉತ್ಸಾಹ ನಿಜವಾಗಿತ್ತು, ನಾಯಕರದೂ ಬಹುಮಟ್ಟಿಗೆ ನಿಜವೇ ಇದ್ದಿರಬೇಕು. ಕೆಂಪು ಕೋಟೆಯ ಮೂವರಿಗೆ ವಿಧಿಸಿದ ಆಜೀವ ಗಡಿಪಾರನ್ನು ದಂಡನಾಯಕ ಆಕಿನ್‌ಲೆಕ್ 1946ರ ಜನವರಿಯಲ್ಲಿ ಮನ್ನಾ ಮಾಡಿದರು. ಆದರೆ ಸೈನ್ಯದಿಂದ ವಜಾ, ಬಾಕಿ ಸಂಬಳದ ಜಪ್ತಿ ಹಾಗೆಯೇ ಉಳಿದವು. ಪಠ್ಯಪುಸ್ತಕ ಈ ವಾಕ್ಯವನ್ನು ಬಿಡುತ್ತದೆ, ನಾನೂ ಬಿಡುತ್ತಿದ್ದೆ.

ಸ್ವಾತಂತ್ರ್ಯ ಬಂತು. ಯಾರು ಇವರ ಪರವಾಗಿ ನ್ಯಾಯಾಲಯದಲ್ಲಿ ಕುಳಿತಿದ್ದರೋ ಅವರೇ ಪ್ರಧಾನಮಂತ್ರಿಯಾದರು. 1948ರಲ್ಲಿ ಅವರದೇ ಸರ್ಕಾರ, ಈ ಸೈನಿಕರನ್ನು ಮರಳಿ ಸೈನ್ಯಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ತೀರ್ಮಾನಿಸಿತು. 1949ರಲ್ಲಿ ಮೊದಲ ಭಾರತೀಯ ಮಹಾದಂಡನಾಯಕರಾದ ನಮ್ಮ ಕೊಡಗಿನ ಕಾರ್ಯಪ್ಪನವರ ನಿಲುವೂ ಅದೇ ಆಗಿತ್ತು. ಸೈನ್ಯದ ವಾದವನ್ನು ತಳ್ಳಿಹಾಕುವಂತಿಲ್ಲ. ಸೆರೆಯಲ್ಲಿ ಫೌಜಿಗೆ ಸೇರಲು ಒಪ್ಪದೆ ಹಿಂಸೆ ಅನುಭವಿಸಿದವರೂ ಇದ್ದರು. ಇಂಫಾಲ್, ಕೊಹಿಮಾಗಳಲ್ಲಿ ಆ ಕಡೆಯವರ ಎದುರು ಹೋರಾಡಿದವರೂ ಇದ್ದರು. ಅವರ ಪಕ್ಕದಲ್ಲಿ ಇವರನ್ನು ನಿಲ್ಲಿಸುವುದು ಹೇಗೆ? ಆದರೆ ಈ ಪ್ರಶ್ನೆ 1945ರಲ್ಲಿಯೂ ಇತ್ತಲ್ಲ, ಆಗಿನ ಭಾಷಣಗಳಲ್ಲಿ ಅದೇಕೆ ಬರಲಿಲ್ಲ? ಶಹನವಾಜರು ಲೋಕಸಭೆಗೆ ಆರಿಸಿಬಂದು ಉಪಮಂತ್ರಿಯಾದರು, ಕೆಲವರು ರಾಯಭಾರಿಗಳಾದರು. ಸಾಮಾನ್ಯ ಸಿಪಾಯಿ ಮಾತ್ರ ಊರಿಗೆ ಹೋದ.

ಅಂಥವರೊಬ್ಬರು ನನ್ನ ಬಾಲ್ಯದಲ್ಲಿ ನಮ್ಮ ಊರಿನಲ್ಲಿದ್ದರು. ನಾವೆಲ್ಲ ಮಿಲಿಟರಿ ತಾತ ಎನ್ನುತ್ತಿದ್ದೆವು. ಸಿಂಗಾಪುರದಲ್ಲಿ ಸೆರೆಯಾಗಿ, ಫೌಜು ಸೇರಿ, ರಂಗೂನಿನಲ್ಲಿ ಮತ್ತೆ ಬ್ರಿಟಿಷರ ಕೈಗೆ ಸಿಕ್ಕಿ ಬಂಗಾಳದ ಶಿಬಿರಕ್ಕೆ ಬಂದವರು. ಅಲ್ಲಿ ಸೈನಿಕರನ್ನು ಬಿಳಿ, ಬೂದು, ಕಪ್ಪು ಎಂದು ವಿಂಗಡಿಸುತ್ತಿದ್ದರಂತೆ. "ನಾನು ಕಪ್ಪು" ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಜೀವನಕ್ಕೆ ಅಕ್ಕಿ ಗಿರಣಿಯ ರಾತ್ರಿ ಕಾವಲು. ಆಗಸ್ಟ್ ಹದಿನೈದರಂದು ಮಾತ್ರ ಅವರಿಗೆ ವೇದಿಕೆಯಲ್ಲಿ ಕುರ್ಚಿ, ಕೊರಳಿಗೆ ಹಾರ. ಚುನಾವಣೆ ಬಂದರೆ ಎರಡು ಪಕ್ಷದವರೂ ಜೀಪು ಕಳುಹಿಸುತ್ತಿದ್ದರು. ತಾತ ಎರಡಕ್ಕೂ ಹತ್ತುತ್ತಿದ್ದರು. ಅದಕ್ಕೆ ನಗುತ್ತಿದ್ದವರಲ್ಲಿ ನಾನೂ ಒಬ್ಬ.

1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯನ್ನು ತಂದಿತು. ತಿಂಗಳಿಗೆ 200 ರೂಪಾಯಿ. ಕನಿಷ್ಠ ಆರು ತಿಂಗಳು ಸೆರೆಯಲ್ಲಿದ್ದಿರಬೇಕು, ವಾರ್ಷಿಕ ವರಮಾನ 5,000 ರೂಪಾಯಿ ಮೀರಿರಬಾರದು. ತಾತನ ವರಮಾನದ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ. ನನ್ನ ತಂದೆಯವರು ಅರ್ಜಿ ಹೇಳಿ ಬರೆಸಿದರು, ಶುದ್ಧಪ್ರತಿ ತೆಗೆದವನು ನಾನು. ಕೆಲವು ತಿಂಗಳ ಮೇಲೆ ಕಚೇರಿಯಿಂದ ಉತ್ತರ ಬಂತು: ಸೆರೆವಾಸಕ್ಕೆ ದಾಖಲೆ ಸಾಲದು, ಜೊತೆಯಲ್ಲಿ ಸೆರೆಯಲ್ಲಿದ್ದವರಿಂದ ಪ್ರಮಾಣಪತ್ರ ತರಬೇಕು. ತಾತ ಬೆರಳು ಮಡಿಸುತ್ತ ಎಣಿಸಿದರು. ಒಬ್ಬ ಝೇಲಂ ಜಿಲ್ಲೆಯವನು, ಒಬ್ಬ ರಾವಲ್ಪಿಂಡಿಯವನು. ಎರಡೂ ಪಾಕಿಸ್ತಾನಕ್ಕೆ ಸೇರಿದ್ದವು. ಮೂರನೆಯವನು ಗಢವಾಲದವನು, ವಿಳಾಸ ತಿಳಿಯದು. ಹಾರ ಹಾಕಿದ್ದ ಮುಖಂಡರೊಬ್ಬರನ್ನು ತಂದೆಯವರು ಕಂಡರು. "ಅವರು ಈಗ ಯಾವ ಕಡೆ ಇದ್ದಾರೆ?" ಎಂದು ಆತ ಕೇಳಿದರಂತೆ, ಆಗ ತಾನೇ ಕಾಂಗ್ರೆಸ್ ಒಡೆದಿತ್ತು. ತಂದೆಯವರು ಮನೆಗೆ ಬಂದು ಅಂದು ಊಟ ಮಾಡಲಿಲ್ಲ.

1980ರಲ್ಲಿ ಯೋಜನೆ ಬದಲಾಯಿತು. ವರಮಾನದ ಮಿತಿ ಹೋಯಿತು, ಮೊತ್ತ 300 ಆಯಿತು. ಅಷ್ಟರಲ್ಲಿ ತಾತ ತೀರಿಕೊಂಡಿದ್ದರು.

ಇತ್ತೀಚಿನ ವರ್ಷಗಳಲ್ಲಿ ಫೌಜಿನ ಹೆಸರು ಮತ್ತೆ ಕೇಳಿಬಂದಿದೆ, ಬೇರೆ ಪಕ್ಷದ ಬಾಯಲ್ಲಿ. 2018ರ ಅಕ್ಟೋಬರ್ 21ರಂದು, ಆಜಾದ್ ಹಿಂದ್ ಸರ್ಕಾರದ 75ನೆಯ ವರ್ಷಕ್ಕೆ, ಪ್ರಧಾನಿ ಮೋದಿ ಕೆಂಪು ಕೋಟೆಯಲ್ಲಿ ಧ್ವಜ ಹಾರಿಸಿದರು. ಒಂದು ಕುಟುಂಬಕ್ಕಾಗಿ ಉಳಿದವರನ್ನು ಮರೆಸಲಾಯಿತೆಂದು ಟೀಕಿಸಿದರು. 2019ರ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಮೊದಲ ಸಲ ಫೌಜಿನ ನಾಲ್ವರು ಸೈನಿಕರು ಪಾಲ್ಗೊಂಡರು, ಎಲ್ಲರೂ ತೊಂಬತ್ತು ದಾಟಿದವರು. ಲೋಕಸಭಾ ಚುನಾವಣೆಗೆ ಆಗ ಮೂರು ತಿಂಗಳೂ ಇರಲಿಲ್ಲ. ಗೌರವ ಸಂದದ್ದಕ್ಕೆ ನನಗೆ ಸಂತೋಷವೇ ಆಯಿತು, ಸುಳ್ಳು ಹೇಳಲಾರೆ. ಆದರೆ ನೇತಾಜಿಯವರ ಸಾವಿನ ಬಗ್ಗೆ 1956, 1970, 1999ರಲ್ಲಿ ಮೂರು ವಿಚಾರಣೆಗಳನ್ನು ನಡೆಸಿದ ದೇಶದಲ್ಲಿ, ಅವರ ಸಿಪಾಯಿಗಳು ಹೇಗೆ ಬದುಕಿದರೆಂದು ವಿಚಾರಿಸಲು ಯಾವ ಪಕ್ಷವೂ ಒಂದು ಆಯೋಗವನ್ನು ಕೇಳಿದ್ದು ನನಗೆ ನೆನಪಿಲ್ಲ.

ದೂರದರ್ಶನದಲ್ಲಿ ಆ ನಾಲ್ವರ ಜೀಪು ಹಾದುಹೋದಾಗ ಮೊಮ್ಮಗ ಅವರು ಯಾರೆಂದು ಕೇಳಿದ. ಈ ಸಲ ಟಿ.ವಿ.ಯ ಧ್ವನಿ ತಗ್ಗಿಸಿ, ಪೂರ್ತಿ ಹೇಳಿದೆ. ಮಿಲಿಟರಿ ತಾತ ಎರಡು ಜೀಪು ಹತ್ತುತ್ತಿದ್ದುದನ್ನೂ ಹೇಳಿದೆ. ಅವನು ನಗಲಿಲ್ಲ.