ಚೀಟಿ ಇಲ್ಲದ ಅಡ್ವಾನ್ಸು

1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿನಲ್ಲಿ ನೆಲೆಯೂರಿತು. ಅದರ ಬೆನ್ನಿಗೆ ಬಂದ ವ್ಯಾಪಾರಿಗಳು, ಕಸುಬುದಾರರು, ಕೂಲಿಗಳಿಂದ ಬ್ಲ್ಯಾಕ್‌ಪಲ್ಲಿ, ಅಂದರೆ ಇಂದಿನ ಶಿವಾಜಿನಗರ, ತುಂಬಿತು. ದಂಡು ಪ್ರದೇಶ 1947ರಲ್ಲಿ ಮೈಸೂರಿಗೆ ಮರಳಿತು. 1949ರಲ್ಲಿ ನಗರದೊಂದಿಗೆ ಒಂದಾಯಿತು. ಕೋಣೆ ಹಂಚಿಕೊಳ್ಳುವ ರೂಢಿ ಮಾತ್ರ ಹಲಸೂರು, ಕೆ.ಆರ್. ಪುರದವರೆಗೂ ಬೆಳೆಯಿತು.

1961ರ ಬಾಡಿಗೆ ನಿಯಂತ್ರಣ ಕಾಯ್ದೆ, ಕರಾರಿನಲ್ಲಿ ಅವಕಾಶವಿಲ್ಲದ ಒಳಬಾಡಿಗೆಯನ್ನು ನಿಷೇಧಿಸಿತು. 2001ರ ಕೊನೆಯಲ್ಲಿ ಜಾರಿಗೆ ಬಂದ 1999ರ ಕಾಯ್ದೆ ಮಾಲೀಕರ ಲಿಖಿತ ಒಪ್ಪಿಗೆ ಕೇಳಿತು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನು ಹೊರಗಿಟ್ಟಿತು. ಬಾಯಿಮಾತಿನಲ್ಲಿ ಕೋಣೆ ಸೇರಿದವನು ಮಾತ್ರ ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಹಾಗಾಗಿ ಅವನನ್ನು ಮಾಲೀಕರಿಗೆ 'ಚಿಕ್ಕಪ್ಪನ ಮಗ' ಎಂದು ಪರಿಚಯಿಸುತ್ತೇವೆ. ಹತ್ತು ತಿಂಗಳ ಅಡ್ವಾನ್ಸಿನಲ್ಲಿ ಅವನ ಪಾಲು ಪಡೆಯುತ್ತೇವೆ, ರಸೀದಿ ಕೊಡುವುದಿಲ್ಲ. ಜಗಳವಾದ ದಿನ ಕರಾರಿನಲ್ಲಿ ಹೆಸರಿದ್ದವನು ಹಣ ಪಡೆದು ಹೊರಡುತ್ತಾನೆ. ಇನ್ನೊಬ್ಬ ಹಾಸಿಗೆ ಸುತ್ತಿಕೊಂಡು ಬೀದಿಗೆ ಬರುತ್ತಾನೆ. ತೋರಿಸಲು ಅವನ ಬಳಿ ಒಂದು ಕಾಗದವಾದರೂ ಇದೆಯೇ?

ನಮ್ಮ ಮನೆಮಾತಿನಲ್ಲಿ ಇಂಥ ಹಣಕ್ಕೆ ಅಮಾನತ್ ಎನ್ನುತ್ತಾರೆ. ಗೆಳೆಯನ ಹತ್ತಿರ ಚೀಟಿ ಕೇಳುವುದು ಅವಮಾನವೆಂದು ನಾವು ತಿಳಿದಿದ್ದೇವೆ. ಚೀಟಿ ಇಲ್ಲದೆ ಮುರಿದುಬಿದ್ದ ಗೆಳೆತನಗಳನ್ನು ಕಂಡವರು ಹಾಗೆನ್ನಲಾರರು.