ಸಯನ್ ನೆರೆಯ ಕಡಲಂಚಿನ ಅಭಯಾರಣ್ಯ: ಥಾಣೆ ಖಾಡಿಯ ರಾಜಹಂಸಗಳು

ಮಕ್ಕಳ ಪರೀಕ್ಷೆ ಮುಗಿಯುತ್ತ ಬಂದಂತೆ ಊರಿನ ರೈಲು ಟಿಕೇಟಿನ ಚಿಂತೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಮೊದಲಾಗುತ್ತದೆ. ವನ್ಯಜೀವಿಗಳನ್ನು ನೋಡಬೇಕೆಂದರೆ ದಾಂಡೇಲಿಗೋ ನಾಗರಹೊಳೆಗೋ ಹೋಗಬೇಕೆಂಬುದು ನಮ್ಮಲ್ಲಿ ಬಹುಮಂದಿಯ ಎಣಿಕೆ. ಸಯನ್‌ನಿಂದ ಗಂಟೆಯೊಂದರ ಹಾದಿಯಲ್ಲೇ ಸರಕಾರದಿಂದ ಘೋಷಿತವಾದ ಕಡಲಂಚಿನ ಅಭಯಾರಣ್ಯವೊಂದಿದ್ದು, ಅದನ್ನು ಕಣ್ಣಾರೆ ಕಂಡವರು ನಮ್ಮ ಪರಿಚಿತರಲ್ಲಿ ಕೆಲವರೇ ಎಂಬುದು ಸೋಜಿಗದ ಸಂಗತಿ.

ಸಯನ್ ಎಂಬ ಹೆಸರಿನ ಮೂಲ ಮರಾಠಿಯ ‘ಶೀವ್’, ಅಂದರೆ ಎಲ್ಲೆ. ಇಂಗ್ಲಿಷರ ಮುಂಬಯಿಗೂ ಪೋರ್ಚುಗೀಸರ ಸಾಷ್ಟಿ ದ್ವೀಪಕ್ಕೂ ನಡುವಣ ಗಡಿಯನ್ನು ಕಾಯಲೆಂದೇ 17ನೆಯ ಶತಮಾನದಲ್ಲಿ ಇಲ್ಲಿಯ ಗುಡ್ಡದ ಮೇಲೆ ಕೋಟೆ ಕಟ್ಟಲಾಯಿತು. ಆಗ ಈ ಎಲ್ಲೆಯೆಂದರೆ ಖಾಡಿಯ ನೀರು ಮತ್ತು ಕೆಸರು. ಸಯನ್-ಕುರ್ಲಾ ನಡುವಣ ಸೇತುದಾರಿ 1805ರ ಸುಮಾರಿಗೆ ಸಿದ್ಧವಾಯಿತು. ಮುಂದೆ ಕೆಸರು ಬಯಲುಗಳು ಒಂದೊಂದಾಗಿ ವಸತಿಗಳಾದವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ತಗ್ಗಿನ ಈ ಭಾಗಗಳಲ್ಲಿ ನೀರು ಹೇಗೆ ನಿಂತಿತೆಂಬುದನ್ನು ಇಲ್ಲಿಯ ಹಿರಿಯರಿಗೆ ನೆನಪಿಸಬೇಕಾಗಿಲ್ಲ.

ಆ ಹಳೆಯ ಭೂಮಿಯ ಉಳಿದ ತುಂಡು ಥಾಣೆ ಖಾಡಿ. ಅದರ ಪಶ್ಚಿಮ ದಡದ 1,690 ಹೆಕ್ಟೇರ್ ಪ್ರದೇಶವನ್ನು ಮಹಾರಾಷ್ಟ್ರ ಸರಕಾರವು 2015ರಲ್ಲಿ ರಾಜಹಂಸ ಅಭಯಾರಣ್ಯವೆಂದು ಘೋಷಿಸಿತು. ಇದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕಾಂಡ್ಲಾ ಕಾಡು, ಉಳಿದುದು ನೀರು. 2022ರಲ್ಲಿ ಖಾಡಿಯ 6,521 ಹೆಕ್ಟೇರ್ ಪ್ರದೇಶವು ರಾಮ್ಸರ್ ಪಟ್ಟಿಗೆ ಸೇರಿತು. ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ ಇದೇ ಮಾನ್ಯತೆ ದೊರೆತುದು 2024ರಲ್ಲಿ.

ರಾಜಹಂಸಗಳು ಸಾಮಾನ್ಯವಾಗಿ ನವೆಂಬರ್ ತಿಂಗಳಿನಿಂದ ಬರತೊಡಗಿ, ಮಳೆಗಾಲಕ್ಕೆ ಮುನ್ನ ಮರಳುತ್ತವೆ. ಗುಜರಾತದ ಕಚ್ಛದ ರಣದಲ್ಲಿ ಕೆಸರಿನ ಗುಪ್ಪೆ ಕಟ್ಟಿ, ಅದರ ಮೇಲೆ ಒಂದೇ ಮೊಟ್ಟೆಯಿಡುವ ಈ ಹಕ್ಕಿಗಳು ಇಲ್ಲಿಗೆ ಬರುವುದು ಕೇವಲ ಆಹಾರಕ್ಕಾಗಿ. ಎರಡು ಜಾತಿಗಳಿವೆ. ಎತ್ತರವಾಗಿ, ಬಿಳುಪಾಗಿ, ತುದಿಯಷ್ಟೇ ಕಪ್ಪಾದ ಗುಲಾಬಿ ಕೊಕ್ಕಿನದು ದೊಡ್ಡ ರಾಜಹಂಸ. ಗಿಡ್ಡವಾಗಿ, ಗಾಢ ಗುಲಾಬಿ ಬಣ್ಣದ್ದಾಗಿ, ಕೊಕ್ಕು ಕಡುಗೆಂಪಾಗಿರುವುದು ಕಿರು ರಾಜಹಂಸ. ಬೂದು ಬಣ್ಣದವು ಮರಿಗಳು. ಅವನ್ನು ಬೇರೆ ಜಾತಿಯೆಂದು ಎಣಿಸುವವರುಂಟು. ಕೊಕ್ಕನ್ನು ತಲೆಕೆಳಗಾಗಿಸಿ ನೀರಿನಲ್ಲಿಟ್ಟು ಜರಡಿಯಂತೆ ಸೋಸಿ, ಕಿರು ರಾಜಹಂಸವು ಸೂಕ್ಷ್ಮ ಪಾಚಿಯನ್ನು ತಿನ್ನುತ್ತದೆ. ಮೈಯ ಗುಲಾಬಿ ಬಣ್ಣ ಬರುವುದು ಈ ಆಹಾರದಿಂದಲೇ. ಖಾಡಿಗೆ ಹರಿದು ಬರುವ ಮಹಾನಗರದ ಕೊಳಚೆನೀರು ಪಾಚಿಯನ್ನು ಹುಲುಸಾಗಿಸಿದುದೇ 1990ರ ದಶಕದಿಂದ ಇವು ಇಲ್ಲಿ ನೆರೆಯುವುದಕ್ಕೆ ಕಾರಣವೆಂದು ಬಲ್ಲವರ ಅಭಿಪ್ರಾಯ. ಹೆಮ್ಮೆಪಡಬೇಕೋ ನಾಚಬೇಕೋ ನಮಗೆ ತಿಳಿಯದು. ಕೆಲವು ವರ್ಷಗಳಲ್ಲಿ ಇವುಗಳ ಎಣಿಕೆ ಲಕ್ಷವನ್ನು ಮೀರಿದೆ.

ನೋಡಹೋಗುವವರು ಪಂಚಾಂಗದಂತೆ ಭರತ-ಇಳಿತಗಳ ಪಟ್ಟಿಯನ್ನು ಮೊದಲು ನೋಡತಕ್ಕದ್ದು. ನಾವು ಮೊದಲ ಸಲ ಅದನ್ನು ನೋಡದೆ ಹೋಗಿ, ಪೂರ್ಣ ಇಳಿತದ ವೇಳೆಗೆ ಶಿವ್ಡಿ ದಕ್ಕೆಯನ್ನು ತಲುಪಿ, ದೂರದಲ್ಲೊಂದು ಗುಲಾಬಿ ಗೆರೆಯನ್ನಷ್ಟೇ ಕಂಡು, ಬಿಸಿಲಿನಲ್ಲಿ ಬೆಂದು ಮರಳಿದೆವು. ಭರತಕ್ಕೆ ಎರಡು-ಮೂರು ಗಂಟೆ ಮುನ್ನ ಹೋದರೆ, ನೀರು ಏರಿದಂತೆ ಹಕ್ಕಿಗಳು ಮೇಯುತ್ತ ದಡದತ್ತ ಸರಿಯುತ್ತವೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಕಳೆದ ಭಾನುವಾರದ ವೇಳೆ ಈ ಭಾನುವಾರಕ್ಕೆ ಹೊಂದದು.

ಶಿವ್ಡಿಗೆ ಹೋಗಲು ಸಯನ್‌ಗೆ ಸಮೀಪದ ಗುರು ತೇಗ್ ಬಹಾದ್ದೂರ್ ನಗರ ನಿಲ್ದಾಣದಲ್ಲಿ ಹಾರ್ಬರ್ ಲೋಕಲ್ ಹಿಡಿದರೆ ವಡಾಲದ ಅನಂತರದ ನಿಲ್ದಾಣವೇ ಅದು. ಅಭಯಾರಣ್ಯದ ಗಡಿಯ ಹೊರಗಿರುವ ಈ ದಡದಿಂದಲೇ 2024ರ ಜನವರಿಯಲ್ಲಿ ಉದ್ಘಾಟನೆಗೊಂಡ ಅಟಲ್ ಸೇತು ಹೊರಡುತ್ತದೆ. ದೋಣಿಯಲ್ಲಿ ವಿಹರಿಸಬಯಸುವವರು ಥಾಣೆಯವರೆಗೆ ಹೋಗಿ, ಅಲ್ಲಿಂದ ಟ್ರಾನ್ಸ್-ಹಾರ್ಬರ್ ಲೋಕಲ್‌ನಲ್ಲಿ ಐರೋಲಿಗೆ ಬರಬೇಕು. ಅಲ್ಲಿ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ. ದೋಣಿ ಬಿಡುವುದು ಭರತದ ನೀರನ್ನು ಅನುಸರಿಸಿ. ಮುಂಗಡ ಕಾಯ್ದಿರಿಸದೆ ಹೋಗಿ ಬರಿಗೈಯಲ್ಲಿ ಮರಳಬಾರದು. ಕಾಂಡ್ಲಾ ಗಿಡದ ಉಸಿರುಬೇರುಗಳು, ಒಂದೇ ಕೊಂಬು ದೊಡ್ಡದಾದ ಏಡಿ, ಕೆಸರಿನ ಮೇಲೆ ನೆಗೆಯುವ ಮೀನು, ಅದೃಷ್ಟವಿದ್ದರೆ ನರಿ ಕಾಣಸಿಗುತ್ತವೆ. ಪಟ್ಟಿಯಾದ ಹಕ್ಕಿಗಳೇ 200ಕ್ಕೂ ಹೆಚ್ಚು ಜಾತಿ. ಕರಾವಳಿಯ ಅಳಿವೆಯಲ್ಲಿ ಮರುವಾಯಿ ಹೆಕ್ಕಿ ಬೆಳೆದ ನಮ್ಮ ಅಜ್ಜಿಯಂದಿರನ್ನು ಜತೆಗೆ ಕರೆದೊಯ್ದರೆ, ಮಕ್ಕಳಿಗೆ ಬೇರೆ ಮಾರ್ಗದರ್ಶಿ ಬೇಡ.

ದುರ್ಬೀನು, ಟೋಪಿ, ಕುಡಿಯುವ ನೀರು ಜತೆಗಿರಲಿ. ಗಾಢ ಬಣ್ಣದ ಉಡುಪು, ಗದ್ದಲ, ಹಕ್ಕಿ ಹಾರಲೆಂದು ಚಪ್ಪಾಳೆ ತಟ್ಟುವುದು ಸಲ್ಲದು. ಬೇಸಗೆಯಲ್ಲಿ ಒಂದೊಂದು ಹಾರಾಟವೂ ಅವು ದೂರಪ್ರಯಾಣಕ್ಕೆ ಕೂಡಿಟ್ಟ ಕೊಬ್ಬಿನ ಖರ್ಚು.

ಭರತ ತುಂಬಿ ಕೆಸರು ಮುಳುಗಿದಾಗ ಈ ಹಕ್ಕಿಗಳು ಭಾಂಡುಪ್ ಕಡೆಯ ಉಪ್ಪಿನಗದ್ದೆಗಳಿಗೂ ನವಿಮುಂಬಯಿಯ ಜೌಗು ಕೆರೆಗಳಿಗೂ ಹಾರಿ ವಿಶ್ರಮಿಸುತ್ತವೆ. ಇವುಗಳಲ್ಲಿ ಹಲವು ತಾಣಗಳು ಅಭಯಾರಣ್ಯದ ಹೊರಗಿದ್ದು, ಕಟ್ಟಡಗಳ ಕಣ್ಣು ಅವುಗಳ ಮೇಲಿದೆ. ಮೇಯುವ ಜಾಗ ಉಳಿದು ತಂಗುವ ಜಾಗ ಅಳಿದರೆ ಅಭಯಾರಣ್ಯ ಅರ್ಧವಾದಂತೆಯೇ. 2024ರ ಮೇ 20ರ ರಾತ್ರಿ ಘಾಟ್ಕೋಪರ್‌ನಲ್ಲಿ ಇಳಿಯುತ್ತಿದ್ದ ವಿಮಾನಕ್ಕೆ ಸಿಲುಕಿ ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ವಸತಿಗಳ ನಡುವೆ ಸತ್ತು ಬಿದ್ದವು. ತಂಗುದಾಣದಲ್ಲಿ ನೆಲೆ ತಪ್ಪಿದುದರಿಂದಲೇ ಅವು ರಾತ್ರಿ ಹಾರಿದವೆಂದು ಆಗ ಪರಿಸರಾಸಕ್ತರು ವಾದಿಸಿದರು. ಸಯನ್‌ನಿಂದ ಆ ಜಾಗ ಲೋಕಲ್‌ನಲ್ಲಿ ಮೂರನೆಯ ನಿಲ್ದಾಣ.

ಪುಟ್ಟ ಮಕ್ಕಳೊಂದಿಗೆ ಕೆಸರಿನತ್ತ ಹೋಗಲು ಅಳುಕುವವರಿಗೆ ಸಯನ್-ಬಾಂದ್ರಾ ಲಿಂಕ್ ರಸ್ತೆಯ ಮಹಾರಾಷ್ಟ್ರ ನಿಸರ್ಗ ಉದ್ಯಾನವಿದೆ. ಮೀಠಿ ನದಿಯ ದಡದಲ್ಲಿ ಹಿಂದೆ ಕಸ ಸುರಿಯುತ್ತಿದ್ದ 37 ಎಕರೆಯ ಆ ಜಾಗದಲ್ಲಿ ಇಂದು ಚಿಟ್ಟೆಗಳನ್ನು ಎಣಿಸಬಹುದು.