ಶಿಕಾಗೋ, ಡೆಟ್ರಾಯಿಟ್: ಸಂಬಳವೆಷ್ಟು, ಉಳಿಯುವುದೆಷ್ಟು?

ಗಲ್ಫ್‌ನಲ್ಲಿ ಹೊಸ ಕೆಲಸ ಸಿಕ್ಕಾಗ ನಾವು ಸಂಬಳ ಕೇಳುತ್ತೇವೆ. ಕೂಡಲೇ, ರೂಮು, ಊಟ ಕಂಪನಿಯದೋ ನಮ್ಮದೋ ಎಂದೂ ಕೇಳುತ್ತೇವೆ. ಕಂಪ್ಯೂಟರ್ ಓದಿದ ನಮ್ಮ ಮಕ್ಕಳು ಅಮೆರಿಕದ ಕಡೆ ನೋಡುವಾಗ ಮಾತ್ರ ಎರಡನೆಯ ಪ್ರಶ್ನೆ ಮರೆತುಬಿಡುತ್ತೇವೆ. ಅಲ್ಲಿನ ಎರಡು ನಗರಗಳ ಇತಿಹಾಸ ಅದನ್ನು ನೆನಪಿಸುತ್ತದೆ.

1914ರ ಜನವರಿಯಲ್ಲಿ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ದಿನಕ್ಕೆ 8 ಗಂಟೆ ಕೆಲಸ, 5 ಡಾಲರ್ ಕೂಲಿ ಎಂದು ಸಾರಿದರು. ಅದು ಹಿಂದಿನ ಕೂಲಿಯ ಸುಮಾರು ಎರಡರಷ್ಟು. ಆದರೆ ಅದರಲ್ಲಿ ಅರ್ಧದಷ್ಟು ಲಾಭದ ಪಾಲು. ಅದು ಸಿಗಬೇಕಾದರೆ ಕಂಪನಿಯವರು ಮನೆಗೇ ಬಂದು ಕುಡಿತ, ಉಳಿತಾಯ, ಶುಚಿತ್ವ ವಿಚಾರಿಸಿ ಒಪ್ಪಬೇಕಿತ್ತು.

1965ರ ವಲಸೆ ಕಾನೂನಿನ ನಂತರ ಭಾರತದ ಎಂಜಿನಿಯರುಗಳು, ವೈದ್ಯರು ಹೆಚ್ಚಾಗಿ ಹೋದರು. ಡೆಟ್ರಾಯಿಟ್‌ನಲ್ಲಿ ಪಂಪ ಕನ್ನಡ ಕೂಟ, ಶಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟ ಬೆಳೆದವು. ಅಕ್ಕ ವಿಶ್ವ ಕನ್ನಡ ಸಮ್ಮೇಳನ 2002ರಲ್ಲಿ ಡೆಟ್ರಾಯಿಟ್‌ನಲ್ಲಿ, 2008ರಲ್ಲಿ ಶಿಕಾಗೋದಲ್ಲಿ ನಡೆಯಿತು.

ಶಿಕಾಗೋದ ಪಶ್ಚಿಮಕ್ಕಿರುವ ವುಡ್‌ರಿಡ್ಜ್ 1959ರಲ್ಲಿ ಸ್ಥಾಪನೆಯಾದ ಊರು. ನೆರೆಯ ನೇಪರ್‌ವಿಲ್‌ಗೆ 1966ರಲ್ಲಿ ಬೆಲ್ ಲ್ಯಾಬ್ಸ್ ಬಂದ ಮೇಲೆ ಆ ಭಾಗದಲ್ಲಿ ತಂತ್ರಜ್ಞರ ಕೆಲಸ ಹೆಚ್ಚಿತು. ಪಕ್ಕದ ಲೈಲ್‌ನಿಂದ ಶಿಕಾಗೋಕ್ಕೆ ರೈಲೂ ಉಂಟು. ಸಾಮಾನ್ಯವಾಗಿ ಶಿಕಾಗೋ ಕಡೆ ಸಂಬಳ ಹೆಚ್ಚು; ಬಾಡಿಗೆಯೂ ಹೆಚ್ಚು. ಇಲಿನಾಯ್ ರಾಜ್ಯದ ಆದಾಯ ತೆರಿಗೆ ಶೇ. 4.95, ಮನೆ ಕೊಂಡರೆ ಆಸ್ತಿ ತೆರಿಗೆ ಇಡೀ ದೇಶದಲ್ಲೇ ಭಾರವಾದವುಗಳಲ್ಲಿ ಒಂದು.

ಮಿಷಿಗನ್ ರಾಜ್ಯದ ತೆರಿಗೆ ಶೇ. 4.25. ಡೆಟ್ರಾಯಿಟ್ ನಗರದೊಳಗೆ ವಾಸವಿದ್ದರೆ ಇನ್ನೂ ಶೇ. 2.4 ಕೊಡಬೇಕು. ಮನೆ ಅಗ್ಗ, ಆದರೆ ಕಾರಿಲ್ಲದೆ ಬದುಕು ಕಷ್ಟ. ಅಪಘಾತಕ್ಕೆ ಮಿತಿಯಿಲ್ಲದ ಚಿಕಿತ್ಸಾ ವೆಚ್ಚದ ವಿಮೆ 2020ರವರೆಗೆ ಅಲ್ಲಿ ಕಡ್ಡಾಯವಾಗಿತ್ತು. ಹಾಗಾಗಿ ಕಾರಿನ ವಿಮೆಯೇ ದೊಡ್ಡ ಖರ್ಚು.

ಕೆಲಸದ ಭದ್ರತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡೆಟ್ರಾಯಿಟ್ ಕಾರನ್ನೇ ನಂಬಿದ ನಗರ. 2009ರಲ್ಲಿ ಕ್ರೈಸ್ಲರ್, ಜನರಲ್ ಮೋಟಾರ್ಸ್ ಎರಡೂ ದಿವಾಳಿ ಅರ್ಜಿ ಹಾಕಿದವು. 2013ರಲ್ಲಿ ನಗರಾಡಳಿತವೇ ಹಾಕಿತು. ಶಿಕಾಗೋದಲ್ಲಿ ಬ್ಯಾಂಕು, ವಿಮೆ, ವ್ಯಾಪಾರ, ಸಾರಿಗೆ ಹೀಗೆ ಹಲವು ಆಸರೆಗಳಿವೆ.

ಎಣ್ಣೆಯನ್ನು ನಂಬಿದ ನಾಡಿನಲ್ಲಿರುವ ನಮಗೆ ಇದು ಹೊಸದಲ್ಲ. 2017ರಲ್ಲಿ ಸೌದಿಯಲ್ಲಿ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. 2020ಕ್ಕೆ ಅದು 400 ಆಯಿತು. ಸಂಬಳ ಅಷ್ಟೇ ಇದ್ದರೂ ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು. ರೋಗಿಯ ತೂಕ ನೋಡದೆ ಮಗುವಿಗೆ ಮದ್ದಿನ ಪ್ರಮಾಣ ಹೇಳದ ಔಷಧಾಲಯದ ನಮ್ಮಂಥವರು ಮಕ್ಕಳಿಗೆ ಹೇಳುವುದಿಷ್ಟೇ: ಆಫರ್ ಲೆಟರ್ ಬಂದಾಗ ಬಾಡಿಗೆ, ತೆರಿಗೆ, ವಿಮೆ, ಓಡಾಟದ ಖರ್ಚು ಬರೆದು ಕಳೆಯಿರಿ. ಆ ಕೆಲಸ ಹೋದರೆ ಅದೇ ಊರಲ್ಲಿ ಇನ್ನೊಂದು ಸಿಗುವುದೇ ಎಂದೂ ವಿಚಾರಿಸಿರಿ. ಆಮೇಲೆ ಊರು ಆರಿಸಿಕೊಳ್ಳಿ.